ಮಳೆ ಬರುವುದರೊಳಗೆ

ಪ್ರವಾಸ ಮಾಡಿ ಬಂದವರು ಅದರ ವಿಷಯ ಮಾತನಾಡುವುದು ವಾಡಿಕೆ. ಇನ್ನೂ ಹೊರಡದೇ ಇರುವವನು ಮಾತನಾಡುವುದು ಅಪರೂಪ. ನಾನಿಂದು ನಿಮ್ಮ ಮುಂದೆ ಹೇಳಹೊರಟಿರುವುದು ನಡೆದು ಮುಗಿದ ಪ್ರವಾಸದ ಕಥನವನ್ನಲ್ಲ. ಧಾರವಾಡದ ನಮ್ಮ ಮನೆಯ ಊಟದ ಮೇಜಿನ ಮೇಲೆ ಭೂಪಟ ಹರಡಿಕೊಂಡು, ನಾನೂ ನಮ್ಮ ಮನೆಯವರೂ ಒಂದು ತಿಂಗಳಿನಿಂದ ನಡೆಸಿರುವ ಏರ್ಪಾಟಿನ ಸಂಗತಿಯನ್ನು. ಬರುವ ಮೇ ತಿಂಗಳಿನಲ್ಲಿ ಉತ್ತರ ಕನ್ನಡದ ಕರಾವಳಿಗೆ, ಅಂಕೋಲೆಯಿಂದ ಅಘನಾಶಿನಿಯವರೆಗಿನ ಆ ಸದ್ದಿಲ್ಲದ ಸೀಮೆಗೆ, ಕಾರಿನಲ್ಲಿ ಹೋಗಿಬರಬೇಕೆಂಬುದು ನಮ್ಮ ಸಂಕಲ್ಪ.

ಇದಕ್ಕೆ ಒಂದು ತಿಂಗಳ ಸಿದ್ಧತೆ ಬೇಕೇ ಎಂದು ನೀವು ಕೇಳಬಹುದು. ಬೆಳಗಿನ ಚಹಾ ಕುಡಿದು ಧಾರವಾಡ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಅಂಕೋಲೆಯಲ್ಲಿರಬಹುದು. ಮಾತು ನಿಜ. ಆದರೆ ಆ ಅರ್ಧ ದಿನದ ದಾರಿಯನ್ನು ಹಿಡಿಯಲು ನಾನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿದ್ದೇನೆ. ಈ ಮಾತನ್ನು ಬಿಡಿಸಿ ಹೇಳಬೇಕು.

ಕನ್ನಡ ಎಂ.ಎ. ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯನೊಬ್ಬನಿದ್ದ. ಅಘನಾಶಿನಿ ನದಿ ಕಡಲನ್ನು ಕೂಡುವಲ್ಲಿ, ಅದೇ ಹೆಸರಿನ ಹಳ್ಳಿಯವನು. 1982ರಲ್ಲಿ ಪರೀಕ್ಷೆ ಮುಗಿಸಿದವನೇ ಊರ ಕಡೆಯ ಪ್ರೌಢಶಾಲೆಗೆ ಮಾಸ್ತರನಾಗಿ ಹೋದ. ನಾನು ಕಾಲೇಜು ಸೇರಿ ಬಯಲುಸೀಮೆಯಲ್ಲೇ ಉಳಿದೆ. ಮರುವರ್ಷದ ಮೇ ತಿಂಗಳಿನಲ್ಲಿ ಅವನಿಂದ ಒಂದು ಕಾರ್ಡು ಬಂದಿತು: “ಮಾವಿನಹಣ್ಣು ಬಂದಿದೆ. ಮಳೆ ಬರುವುದರೊಳಗೆ ಬಾ ಮಾರಾಯಾ. ಕುಮಟೆಯ ರಸ್ತೆಯಿಂದ ಬರಬೇಡ. ತದಡಿಯಲ್ಲಿ ದೋಣಿ ಹತ್ತು. ಹೊಳೆ ದಾಟದೆ ಬಂದವನಿಗೆ ನಮ್ಮ ಊರು ಕಾಣುವುದಿಲ್ಲ.” ಅಂದಿನಿಂದ ಪ್ರತಿ ಮೇ ತಿಂಗಳಿನಲ್ಲೂ ಇದೇ ಕರೆ. ಮುಂದೆ ಕಾರ್ಡು ಹೋಗಿ ದೂರವಾಣಿ ಬಂದಿತು. ಮಾತು ಮಾತ್ರ ಅದೇ.

ನನಗಾದರೋ ಮೇ ಎಂದರೆ ಉತ್ತರಪತ್ರಿಕೆಗಳ ಮೌಲ್ಯಮಾಪನದ ತಿಂಗಳು. ಅದು ಮುಗಿಯುವಷ್ಟರಲ್ಲಿ ಮಳೆ ಬಂದಿರುತ್ತಿತ್ತು, ಕಾಲೇಜು ತೆರೆದಿರುತ್ತಿತ್ತು. “ಮುಂದಿನ ವರ್ಷ ಖಂಡಿತ” ಎಂದು ಬರೆಯುತ್ತಿದ್ದೆ. ನಿವೃತ್ತನಾದೆ, ಅದರ ಹಿಂದೆಯೇ 2020ರ ಮಹಾಮಾರಿ ಬಂದು ಎರಡು ಬೇಸಗೆಗಳನ್ನು ನುಂಗಿತು. ಅನಂತರದ ನೆಪಗಳಿಗೆ ಹೆಸರೂ ಇರಲಿಲ್ಲ. 2023ರ ಮಳೆಗಾಲದಲ್ಲಿ ಗೆಳೆಯ ತೀರಿಕೊಂಡ. ನನ್ನ ಏರ್ಪಾಟು ಆರಂಭವಾದದ್ದು ಹೀಗೆ: ಕರೆದವನು ಇಲ್ಲವಾದ ಮೇಲೆ.

ಮೊದಲು ನಾನೊಂದು ಪಟ್ಟಿ ಮಾಡಿದೆ. ಮೇಷ್ಟರ ಬುದ್ಧಿ ಎಲ್ಲಿಗೆ ಹೋದೀತು? ನಾಲ್ಕು ದಿನ, ಹದಿನೇಳು ಸ್ಥಳಗಳು. ಕಾರವಾರದ ಕಡಲತೀರ, ಸದಾಶಿವಗಡ, 1930ರಲ್ಲಿ ಉಪ್ಪಿನ ಕಾನೂನನ್ನು ಮುರಿದ ಅಂಕೋಲೆ, ದಿನಕರ ದೇಸಾಯಿಯವರ ಅಲಗೇರಿ, ಗೌರೀಶ ಕಾಯ್ಕಿಣಿಯವರ ಗೋಕರ್ಣ, ಯಶವಂತ ಚಿತ್ತಾಲರ ಹನೇಹಳ್ಳಿ, ಸಾಣಿಕಟ್ಟೆಯ ಉಪ್ಪಿನಾಗರ, ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಹೆಸರು ತಳುಕು ಹಾಕಿಕೊಂಡಿರುವ ಮಿರ್ಜಾನ ಕೋಟೆ, ಹೊನ್ನಾವರದ ಶರಾವತಿ, 1934ರಲ್ಲಿ ಸ್ಥಾಪನೆಯಾದ ಇಡಗುಂಜಿ ಮೇಳದ ನೆಲೆಯಾದ ಗುಣವಂತೆ... ಪ್ರತಿಯೊಂದಕ್ಕೂ ಗಂಟೆ, ನಿಮಿಷಗಳನ್ನು ನಿಗದಿ ಮಾಡಿದೆ. ಮನೆಯವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, “ಎಲ್ಲಾ ಬರದೀರಿ. ಸುಮ್ಮನ ಕೂಡೂದು ಎಲ್ಲಿ ಬರದೀರಿ?” ಎಂದು ಕೇಳಿದರು.

ನಾನು ಮಾಡಿದ್ದು ಪ್ರವಾಸದ ಯೋಜನೆಯಲ್ಲ, ಪಠ್ಯಕ್ರಮ ಎಂಬುದು ಆಗ ಹೊಳೆಯಿತು. ಶಾಂತವಾದ ಸೀಮೆಗೆ ಅವಸರವನ್ನು ಕಟ್ಟಿಕೊಂಡು ಹೋಗುವವನು ಅಲ್ಲಿಯೂ ಕಾಣುವುದು ತನ್ನ ಗಡಿಯಾರವನ್ನೇ. ರವೀಂದ್ರನಾಥ ಠಾಕೂರರು ತಮ್ಮ ಇಪ್ಪತ್ತೆರಡರ ಹರೆಯದಲ್ಲಿ, 1883ರಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಅವರ ‘ಜೀವನಸ್ಮೃತಿ’ಯಲ್ಲಿ ಕಾರವಾರದ್ದೇ ಒಂದು ಅಧ್ಯಾಯವಿದೆ. ಅಲ್ಲಿ ಸ್ಥಳಗಳ ಪಟ್ಟಿಯಿಲ್ಲ. ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋದದ್ದು, ಬೆಳುದಿಂಗಳಲ್ಲಿ ಹಿಂದಿರುಗಿದ್ದು, ನದೀಮುಖದಲ್ಲಿ ದೋಣಿಯಿಂದಿಳಿದು ಮರಳಿನ ಮೇಲೆ ನಡೆದೇ ಮನೆಗೆ ಬಂದದ್ದು, ಇಷ್ಟೇ. ಈ ಒಂದು ರಾತ್ರಿಗೆ ನನ್ನ ಪಟ್ಟಿಯಲ್ಲಿ ಎಷ್ಟು ನಿಮಿಷ ಕೊಡಬಹುದಾಗಿತ್ತು?

ಪಟ್ಟಿಯನ್ನು ಹರಿದು ಹಾಕಿ ಹೊಸದಾಗಿ ಆರಂಭಿಸಿದೆವು. ಈ ಬಾರಿ ನಮ್ಮ ಅನುಕೂಲವನ್ನು ಬದಿಗಿಟ್ಟು, ಆ ಸೀಮೆಯ ಕಾಲಮಾನ ಏನು ಹೇಳುತ್ತದೆಂದು ಕೇಳಿಕೊಂಡೆವು. ಅಲ್ಲಿಯ ಬೇಸಗೆಗೆ ಒಂದು ಕಟ್ಟುನಿಟ್ಟಿನ ಕೊನೆಯಿದೆ. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಕರಾವಳಿಯನ್ನು ಮುಟ್ಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೇ ಕೊನೆಯ ವಾರಕ್ಕೆ ಕಡಲು ಮುನಿಯತೊಡಗುತ್ತದೆ. ಈಜು ಬಲ್ಲವರೂ ಆಗ ನೀರಿಗಿಳಿಯಬಾರದು. ಇತ್ತ ಏಪ್ರಿಲ್‌ನಲ್ಲಿ ಹೊರಟರೆ ಹಣ್ಣುಗಳ ಕಾಲ ಇನ್ನೂ ತುಂಬಿರುವುದಿಲ್ಲ. ಆದ್ದರಿಂದ ಮೇ ಎರಡನೆಯ ವಾರವೆಂದು ನಿಶ್ಚಯವಾಯಿತು. ನಡುಹಗಲು ಧಗೆಯೂ ಬೆವರೂ ಮಿತಿಮೀರಿರುವುದರಿಂದ ಹನ್ನೊಂದರಿಂದ ನಾಲ್ಕರವರೆಗೆ ಎಲ್ಲಿಗೂ ಹೊರಡಬಾರದೆಂದೂ ಮುರುಗಲ ಹಣ್ಣಿನ ಪಾನಕ ಕುಡಿದು ನೆರಳಿನಲ್ಲಿರಬೇಕೆಂದೂ ಬರೆದುಕೊಂಡೆವು. ಮನೆಯವರ ಮೊಣಕಾಲಿಗೂ ಅದೇ ಹಿತ. “ಸುಮ್ಮನ ಕೂಡೂದು” ಹೀಗೆ ತಾನಾಗಿಯೇ ಯೋಜನೆಯೊಳಗೆ ಬಂದು ಸೇರಿತು.

ಇನ್ನು ದಾರಿಯ ಮಾತು. ನಮ್ಮ ಕಡೆಯಿಂದ ಆ ತೀರಕ್ಕಿಳಿಯಲು ಮುಖ್ಯವಾಗಿ ಮೂರು ದಾರಿಗಳು: ಯಲ್ಲಾಪುರದಿಂದ ಅರಬೈಲು ಘಟ್ಟವಿಳಿದು ಅಂಕೋಲೆಗೆ, ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟೆಗೆ, ಜೋಗದ ಕಡೆಯಿಂದ ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರಕ್ಕೆ. ‘ಮೂರು ದಾರಿಗಳು’ ಎಂಬ ಹೆಸರಿನ ಚಿತ್ತಾಲರ ಕಾದಂಬರಿಯನ್ನು ಪಾಠ ಮಾಡಿದವನು ನಾನು. ಈ ಮೂರರಲ್ಲಿ ಒಂದನ್ನೂ ಹಗಲಿನಲ್ಲಿ, ಕಿಟಕಿಯ ಹೊರಗೆ ನೋಡುತ್ತ ಇಳಿದವನಲ್ಲ. ಒಮ್ಮೆ ವಿಚಾರಗೋಷ್ಠಿಗೆಂದು ಕಾರವಾರಕ್ಕೆ ಹೋದದ್ದು ರಾತ್ರಿಯ ಬಸ್ಸಿನಲ್ಲಿ. ಮರಳಿದ್ದೂ ರಾತ್ರಿಯ ಬಸ್ಸಿನಲ್ಲೇ. ಈ ಸಲ ಅರಬೈಲಿನಿಂದ ಇಳಿದು, ದೇವಿಮನೆಯಿಂದ ಏರಿ ಬರುವುದೆಂದು ಗೊತ್ತುಮಾಡಿದ್ದೇವೆ. ರಸ್ತೆ ಅಗಲಿಸುವ ಕೆಲಸದ ಕಾರಣ ದೇವಿಮನೆ ಘಟ್ಟದ ಪ್ರಯಾಣಿಕರು ಕೆಲವು ವರ್ಷ ಬೇರೆ ದಾರಿ ಹುಡುಕಬೇಕಾಗಿ ಬಂದದ್ದುಂಟು. ಆದ್ದರಿಂದ ಹೊರಡುವ ಮುನ್ನ ಶಿರಸಿಯವರನ್ನು ವಿಚಾರಿಸಿಕೊಳ್ಳಬೇಕು. ತಿರುವುಗಳಲ್ಲಿ ಗಾಡಿ ನಡೆಸುವ ಧೈರ್ಯ ನನಗಿಲ್ಲ. ನಮ್ಮ ಓಣಿಯ ಹುಡುಗನೊಬ್ಬ ಬರಲೊಪ್ಪಿದ್ದಾನೆ.

ಮೊದಲ ತಂಗುದಾಣ ಅಂಕೋಲೆ. ಆ ಹೊತ್ತಿಗೆ ಅಲ್ಲಿಯ ಪೇಟೆಯಲ್ಲಿ ಕರಿ ಇಶಾಡು ಮಾವಿನಹಣ್ಣು ಬಂದಿರುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಬೇಗ ಮೆತ್ತಗಾಗುವ ಜಾತಿಯಾದ್ದರಿಂದ ದೂರದ ಊರುಗಳಿಗೆ ಸರಿಯಾಗಿ ತಲುಪುವುದಿಲ್ಲ. ತಿನ್ನಬೇಕಾದರೆ ನಾವೇ ಅಲ್ಲಿಗೆ ಹೋಗಬೇಕು. ಅಂಕೋಲೆಯ ಪುಟದಲ್ಲಿ, ನನ್ನ ಹಳೆಯ ದಿನಚರಿಯೊಂದರಿಂದ, ‘ಕಾಣಬೇಕಾದವರು’ ಎಂದು ಬರೆದಿಟ್ಟಿದ್ದ ಎರಡು ಹೆಸರುಗಳನ್ನು ನಕಲು ಮಾಡಹೋಗಿ ಕೈ ನಿಂತಿತು: ಹಾಲಕ್ಕಿ ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡರು, ಸಾವಿರಾರು ಸಸಿಗಳನ್ನು ಸಲಹಿದ ತುಳಸಿ ಗೌಡರು. ಒಬ್ಬರು 2025ರ ಫೆಬ್ರವರಿಯಲ್ಲಿ, ಇನ್ನೊಬ್ಬರು ಅದಕ್ಕೆ ಎರಡು ತಿಂಗಳ ಮುಂಚೆ ತೀರಿಕೊಂಡರು. ಮುಂದೂಡುವವನಿಗಾಗಿ ಯಾರೂ ಕಾಯುವುದಿಲ್ಲ; ಗೆಳೆಯನ ವಿಷಯದಲ್ಲಿ ಕಲಿಯದ ಪಾಠವನ್ನು ಆ ದಿನಚರಿ ಮತ್ತೊಮ್ಮೆ ಒಪ್ಪಿಸಿತು.

ಅಂಕೋಲೆಯಿಂದ ದಕ್ಷಿಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ, ಹಿಂದೆ 17 ಎಂದು ಎಣಿಸಲ್ಪಡುತ್ತಿದ್ದು ಈಗ 66 ಆಗಿರುವುದು, ಗಂಗಾವಳಿಯ ದಂಡೆಯ ಶಿರೂರನ್ನು ಹಾದುಹೋಗುತ್ತದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ರಸ್ತೆಯ ಮೇಲೂ ನದಿಯೊಳಗೂ ಬಿದ್ದಿತು. ರಸ್ತೆಯ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೇ ಹೋಯಿತು. ದಣಿವಾರಿಸಿಕೊಳ್ಳಲು ಲಾರಿ ನಿಲ್ಲಿಸಿದ್ದವರೂ ಹೋದರು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾರವಾರದ ಕಾಳಿಯ ಹಳೆಯ ಸೇತುವೆ ಕುಸಿಯಿತು. ನಮ್ಮ ಪ್ರಯಾಣವನ್ನು ಸುಗಮಗೊಳಿಸಲು ಆ ನೆಲ ತೆರುತ್ತಿರುವ ಬೆಲೆಯನ್ನು ಮರೆತು ನಾವು ದಾರಿಯ ಲೆಕ್ಕ ಹಾಕಬಾರದು. ಗುಡ್ಡದ ಬುಡವನ್ನು ಕಡಿದರೆ, ಮಳೆನೀರು ಹೀರಿದ ಮಣ್ಣಿಗೆ ನಿಲ್ಲಲು ಆಸರೆಯಿರುವುದಿಲ್ಲ. ಇದು ಅಲ್ಲಿಯ ಯಾವ ರೈತನಿಗೂ ಗೊತ್ತಿರುವ ಮಾತು. ಶಿರೂರನ್ನು ದಾಟುವಾಗ ಕಾರಿನೊಳಗೆ ಹರಟೆ, ಹಾಡು ಇರಕೂಡದೆಂದು ಮನೆಯವರ ಅಪ್ಪಣೆಯಾಗಿದೆ.

ಮುಂದೆ ಮಾದನಗೇರಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಗೋಕರ್ಣದ ಕಡೆಗೆ ತಿರುಗುತ್ತೇವೆ. ಹನೇಹಳ್ಳಿಯಲ್ಲಿ ಏನು ನೋಡುತ್ತೇವೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮುಂಬಯಿಯಲ್ಲಿ ಬಾಳಿದ ಒಬ್ಬ ಲೇಖಕ ಮತ್ತೆ ಮತ್ತೆ ಯಾವ ಮಣ್ಣಿಗೆ ಮರಳಿ ಬರೆದನೋ ಆ ಮಣ್ಣಿನ ಮೇಲೆ ಸಂಜೆ ಅರ್ಧ ಗಂಟೆ ನಡೆಯಬೇಕು, ಅಷ್ಟೇ. ತರಗತಿಯಲ್ಲೊಮ್ಮೆ ‘ಗಜನಿ’ ಎಂಬ ಮಾತಿಗೆ ನಾನು ‘ಒಂದು ಬಗೆಯ ಗದ್ದೆ’ ಎಂದು ಅರ್ಥ ಹೇಳಿದಾಗ, ಹಿಂದಿನ ಬೆಂಚಿನಲ್ಲಿದ್ದ ಕುಮಟೆಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಗಜನಿ ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಹೊಳೆ” ಎಂದಿದ್ದಳು. ಮಳೆಗಾಲದಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಬಯಲಿನಲ್ಲಿ ಉಪ್ಪುನೀರು, ಸಿಗಡಿ, ಮೀನು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಹುಡುಗಿ ಒಂದೇ ವಾಕ್ಯದಲ್ಲಿ ಪಾಠ ಹೇಳಿದಳು. ಅದನ್ನು ಕಣ್ಣಿನಿಂದ ಓದುವುದು ಇನ್ನೂ ಬಾಕಿಯಿದೆ.

ಕೊನೆಯ ದಿನ ತದಡಿ. ಅಣೆಕಟ್ಟಿನ ತಡೆಯಿಲ್ಲದೆ ಘಟ್ಟದಿಂದ ಕಡಲಿನವರೆಗೆ ಹರಿದು ಬರುವ ಅಘನಾಶಿನಿ ಅಲ್ಲಿ ಅಗಲವಾಗುತ್ತದೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಇಳಿತದ ಹೊತ್ತಿಗೆ ಅಲ್ಲಿ ಬಳಚು ಹೆಕ್ಕುವವರು ನೀರಿಗಿಳಿಯುತ್ತಾರೆ. ಉಬ್ಬರ ಇಳಿತಗಳು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಹೆಚ್ಚುತ್ತವೆ. ಆದ್ದರಿಂದ ಆ ದಿನಕ್ಕೆ ಮಾತ್ರ ನಾವು ಗಂಟೆ ಬರೆದಿಲ್ಲ. ಪಂಚಾಂಗ ನೋಡಿ ತಿಥಿ ಬರೆದಿದ್ದೇವೆ. ಕಾರನ್ನು ಈಚೆ ದಡದಲ್ಲಿ ಬಿಟ್ಟು ದೋಣಿ ಹತ್ತುವುದು. ಕುಮಟೆಯಿಂದ ಆ ಊರಿಗೆ ನೇರ ರಸ್ತೆಯಿದೆ ಎಂದು ಓಣಿಯ ಹುಡುಗ ಎರಡು ಸಲ ನೆನಪಿಸಿದ. ಗೊತ್ತಪ್ಪಾ, 1983ರಿಂದಲೂ ಗೊತ್ತು ಎಂದೆ.

ಗೆಳೆಯನ ಮನೆಗೆ ಮೊನ್ನೆ ದೂರವಾಣಿ ಮಾಡಿದ್ದೆ. ಅವನ ಮನೆಯವರು ಮಾತನಾಡಿದರು. ಇಷ್ಟು ವರ್ಷ ಬಾರದವನು ಈಗ ಬರುತ್ತೇನೆನ್ನಲು ನನಗೆ ನಾಲಗೆ ಏಳಲಿಲ್ಲ. ಅವರೇ, “ಅವರಿಲ್ಲದಿದ್ದರೇನು, ಮನೆ ಇದೆಯಲ್ಲ, ಬನ್ನಿ. ಅಕ್ಕನನ್ನೂ ಕರೆದುಕೊಂಡು ಬನ್ನಿ. ಹಿತ್ತಿಲ ಮಾವು ಈ ಸಲ ಚೆನ್ನಾಗಿ ಕಚ್ಚಿದೆ” ಎಂದರು.

ಫೋನಿನಲ್ಲಿ ದಿನ ತಿಳಿಸಿಯಾಗಿದೆ. ಆದರೂ ಮರುದಿನ ಅಂಚೆ ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡು ತಂದೆ. ವಿಳಾಸವನ್ನು ಬರೆಯಲು ಪುಸ್ತಕ ನೋಡಬೇಕಾಗಲಿಲ್ಲ. ನಲವತ್ತು ವರ್ಷ “ಮುಂದಿನ ವರ್ಷ ಖಂಡಿತ” ಎಂದು ಬರೆದ ಜಾಗದಲ್ಲಿ ಇಷ್ಟು ಬರೆದು ಪೆಟ್ಟಿಗೆಗೆ ಹಾಕಿದೆ: “ಇಬ್ಬರೂ ಬರುತ್ತಿದ್ದೇವೆ. ತದಡಿಯ ದೋಣಿಯಿಂದ. ಮಳೆ ಬರುವುದರೊಳಗೆ.”