‘ಗ್ಯಾಸ್ ಇರಬೇಕು’ ಎನ್ನುತ್ತಾ ಕಳೆದ ಎರಡೂವರೆ ಗಂಟೆ

ತುಮಕೂರಿನಲ್ಲಿ ಜನವರಿಯ ಮೊದಲ ಜುಮಾದಂದು ನೀಡಿದ ಪ್ರವಚನದ ಸಾರಾಂಶ

 

ಸಹೋದರರೇ, ಕಳೆದ ಜುಮಾಕ್ಕೆ ನಾನು ಈ ಮಿಂಬರ್ ಹತ್ತಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಹಲವರು ಕೇಳಿದಿರಿ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿದ್ದೆ. ಗುಬ್ಬಿಯಲ್ಲಿರುವ ನನ್ನ ದೊಡ್ಡಕ್ಕನಿಗೆ ಹೃದಯಾಘಾತವಾಗಿತ್ತು. ಈಗ ಅಲ್‌ಹಮ್ದುಲಿಲ್ಲಾಹ್, ಮನೆಗೆ ಬಂದಿದ್ದಾರೆ. ಅವರ ಒಪ್ಪಿಗೆ ಪಡೆದೇ ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಹೇಳಬೇಕು.

ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಅಕ್ಕನ ಮಗ ದುಬೈಯಿಂದ ಬಂದಿದ್ದ. ಎಲ್ಲರೂ ಕುಣಿಗಲ್‌ನ ನಮ್ಮ ಹಳೆಯ ಮನೆಯಲ್ಲಿ ಸೇರಿದ್ದೆವು. ಮೂರು ಕೋಣೆಯ ಮನೆ, ಹದಿನೆಂಟು ಜನ. ಬುಧವಾರ ರಾತ್ರಿ ಬಿರಿಯಾನಿ, ಅದಾದ ಮೇಲೆ ಹನ್ನೆರಡು ಗಂಟೆಯವರೆಗೆ ಮಾತು, ನಗು. ಗುರುವಾರ ಫಜ್ರ್ ಮುಗಿಸಿ ಮಸೀದಿಯಿಂದ ಬಂದಾಗ ಆರು ಗಂಟೆ. ಕೆರೆಯ ಕಡೆಯಿಂದ ಮಂಜು ದಟ್ಟವಾಗಿ ಬರುತ್ತಿತ್ತು, ಎದುರಿನ ಮನೆ ಕಾಣುತ್ತಿರಲಿಲ್ಲ. ಒಳಗೆ ಅಕ್ಕ ಚಪಾತಿ ಹಿಟ್ಟು ಕಲಸುತ್ತಾ ಕುಳಿತಿದ್ದರು. ಹಣೆಯ ಮೇಲೆ ಬೆವರು. ಕೇಳಿದರೆ, ಬೆನ್ನು ಹಿಡಿದಂತಿದೆ, ದವಡೆಯೂ ನೋಯುತ್ತಿದೆ, ವಾಂತಿ ಬರುವ ಹಾಗಿದೆ ಎಂದರು.

ಎದೆ ನೋವು ಎಂದು ಅವರು ಹೇಳಲೇ ಇಲ್ಲ. ನಾವೂ ಕೇಳಲಿಲ್ಲ.

‘ರಾತ್ರಿಯ ಬಿರಿಯಾನಿ, ಗ್ಯಾಸ್ ಇರಬೇಕು’ ಎಂದು ಯಾರೋ ಹೇಳಿದರು. ಆಮೇಲೆ ಎಲ್ಲರೂ ಅದನ್ನೇ ಹೇಳಿದೆವು. ಒಬ್ಬರು ಜೀರಿಗೆ ನೀರು ತಂದರು, ಒಬ್ಬರು ಸೋಡಾ ತರಲು ಓಡಿದರು, ಒಬ್ಬರು ಬೆನ್ನಿಗೆ ಮುಲಾಮು ಹಚ್ಚಿದರು. ನಾನು ಫಾತಿಹಾ ಓದಿ ನೀರಿಗೆ ಊದಿ ಕುಡಿಸಿದೆ. ಸ್ವಲ್ಪ ಮಲಗಿ, ಸರಿಯಾಗುತ್ತದೆ ಎಂದೆ. ಮನೆಯಲ್ಲಿ ಇಮಾಮರ ಮಾತಿಗೆ ಎದುರಾಡುವವರು ಯಾರು? ಅಕ್ಕ ಮಲಗಿದರು. ಹತ್ತು ನಿಮಿಷ ಬಿಟ್ಟು ಎದ್ದು ಮತ್ತೆ ಹಿಟ್ಟಿನ ಮುಂದೆ ಕುಳಿತರು. ಹದಿನೆಂಟು ಜನರಿಗೆ ನಾಷ್ಟಾ ಆಗಬೇಕಿತ್ತಲ್ಲ.

ಅಷ್ಟು ಜನ ದೊಡ್ಡವರಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ನರ್ಸಿಂಗ್ ಮೊದಲ ವರ್ಷ ಓದುತ್ತಿರುವ ನನ್ನ ತಂಗಿಯ ಮಗಳು. ಅವಳು ತಡವಾಗಿ ಎದ್ದಳು. ‘ಇಷ್ಟು ಚಳಿಯಲ್ಲಿ ಖಾಲಾ ಯಾಕೆ ಬೆವರುತ್ತಿದ್ದಾರೆ?’ ಎಂದಳು. ಅಕ್ಕನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆಯವರಿಗೆ ಎದೆ ನೋವು ಬಾರದೆಯೂ ಹಾರ್ಟ್ ಅಟ್ಯಾಕ್ ಆಗಬಹುದು ಎಂದು ಕ್ಲಾಸಿನಲ್ಲಿ ಹೇಳಿದ್ದರಂತೆ. ಆಗಲೂ ಅರ್ಧ ಗಂಟೆ ಕಳೆಯಿತು. ಕಾರಿನ ಕೀಲಿ ಹುಡುಕಿದ್ದು, ಹತ್ತಿರದ ಕ್ಲಿನಿಕ್‌ಗೆ ಹೋದರೆ ರಜೆಗೆ ಬಾಗಿಲು ಹಾಕಿದ್ದು, ಬುರ್ಖಾ ಬದಲಿಸುತ್ತೇನೆಂದು ಅಕ್ಕ ಒಳಗೆ ಹೋಗಿದ್ದು. 108ಕ್ಕೆ ಕರೆ ಮಾಡಬೇಕೆಂದು ಒಬ್ಬರಿಗೂ ತೋಚಲಿಲ್ಲ. 2008ರಿಂದ ನಮ್ಮ ರಾಜ್ಯದಲ್ಲಿ ಆ ಆಂಬುಲೆನ್ಸ್ ಓಡುತ್ತಿದೆ!

ತಾಲ್ಲೂಕು ಆಸ್ಪತ್ರೆ ತಲುಪಿದಾಗ ಎಂಟೂವರೆ. ಇಸಿಜಿ ತೆಗೆದರು. ಡ್ಯೂಟಿ ಡಾಕ್ಟರ್ ಕಾಗದ ನೋಡಿ ನಮ್ಮ ಕಡೆ ತಿರುಗಿ, ‘ನೋವು ಶುರುವಾಗಿ ಎಷ್ಟು ಹೊತ್ತಾಯಿತು?’ ಎಂದು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಎರಡೂವರೆ ಗಂಟೆ ಎಂದು ನಾನೇ ಹೇಳಬೇಕಾಯಿತು.

ಆ ಪ್ರಶ್ನೆಯ ಅರ್ಥ ನನಗೆ ಆಮೇಲೆ ತಿಳಿಯಿತು. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಅದರ ಮುಂದಿನ ಮಾಂಸಖಂಡ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ. ಹೆಪ್ಪನ್ನು ಕರಗಿಸುವ ಒಂದು ಇಂಜೆಕ್ಷನ್ ಇದೆ, ಟೆನೆಕ್ಟೆಪ್ಲೇಸ್ ಎಂದು ಹೆಸರು. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ. ಹೊರಗೆ ಅದರ ಬೆಲೆ 30 ಸಾವಿರ ರೂಪಾಯಿಯ ಆಸುಪಾಸು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡದ್ದು ನಿಮಗೆ ನೆನಪಿದೆ. ಅವರ ಹೆಸರಿನಲ್ಲಿ ರಾಜ್ಯ ಸರಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಘೋಷಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ, ಅವರು ಹೇಳಿದರೆ ಈ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅಕ್ಕನಿಗೂ ಹಾಗೇ ಕೊಟ್ಟು, ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದರು.

ಅಲ್ಲಿ ರೇಷನ್ ಕಾರ್ಡ್ ಕೇಳಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಕಾರ್ಡ್ ಗುಬ್ಬಿಯ ಮನೆಯ ಬೀರುವಿನಲ್ಲಿತ್ತು. ಅಕ್ಕನ ಪಕ್ಕದ ಮನೆಯ ಹಿಂದೂ ತಾಯಿಯ ಬಳಿ ಒಂದು ಕೀಲಿ ಇರುತ್ತದೆ. ಫೋನ್ ಮಾಡಿದೆವು. ಅವರು ಬೀರು ತೆಗೆದು, ಕಾರ್ಡಿನ ಫೋಟೋ ಕಳಿಸಿ, ಸಾಲದೆಂದು ತಮ್ಮ ಮಗನ ಕೈಯಲ್ಲಿ ಕಾರ್ಡನ್ನೇ ಬೆಂಗಳೂರಿಗೆ ಕಳಿಸಿದರು. ಅವರಿಗಾಗಿ ನಾನು ಪ್ರತಿ ನಮಾಝಿನ ನಂತರ ದುಆ ಮಾಡುತ್ತಿದ್ದೇನೆ, ನೀವೂ ಮಾಡಿ.

ಸ್ಟೆಂಟ್ ಹಾಕಿದರು. ಪ್ರಾಣ ಉಳಿಯಿತು. ಆದರೆ ಹೃದಯದ ಪಂಪಿಂಗ್ ನಲವತ್ತಕ್ಕೆ ಇಳಿದಿದೆ. ಬೇಗ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದು ಡಾಕ್ಟರ್ ಹೇಳಿದರು. ಬೈಯಲಿಲ್ಲ, ಸುಮ್ಮನೆ ಹೇಳಿದರು.

ಸಹೋದರರೇ, ಆ ರಾತ್ರಿ ಆಸ್ಪತ್ರೆಯ ಹೊರಗೆ ಕುಳಿತಾಗ ನನಗೆ ನೆನಪಾದದ್ದು ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ). ಅಬೂದಾವೂದ್ ಗ್ರಂಥದಲ್ಲಿ ಅವರ ಘಟನೆ ವರದಿಯಾಗಿದೆ. ಅವರು ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ನೋಡಲು ಬಂದರು. ಎದೆಯ ಮೇಲೆ ಕೈ ಇಟ್ಟರು. ಆ ಕೈಯ ತಂಪು ತಮ್ಮ ಹೃದಯದವರೆಗೆ ಇಳಿಯಿತು ಎಂದು ಸಅದ್(ರ) ಹೇಳಿದ್ದಾರೆ. ಯೋಚಿಸಿ. ಆ ಕೈಗಿಂತ ಬರಕತ್ತಿನ ಕೈ ಈ ಲೋಕದಲ್ಲಿ ಯಾವುದಿದೆ? ಆದರೂ ಪ್ರವಾದಿವರ್ಯರು(ಸ) ಅಷ್ಟಕ್ಕೇ ನಿಲ್ಲಿಸಲಿಲ್ಲ. ನಿಮ್ಮದು ಹೃದಯದ ಕಾಯಿಲೆ ಎಂದು ತಿಳಿಸಿ, ಸಖೀಫ್ ಗೋತ್ರದ ಹಾರಿಸ್ ಬಿನ್ ಕಲದಾ ಎಂಬ ವೈದ್ಯರ ಬಳಿ ಹೋಗಲು ಹೇಳಿದರು. ಹಾರಿಸ್ ಇಸ್ಲಾಂ ಸ್ವೀಕರಿಸಿದ್ದರೇ ಇಲ್ಲವೇ ಎಂಬುದರಲ್ಲೇ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಮುಖ್ಯವಾಗಿದ್ದು ಅವರಿಗೆ ವೈದ್ಯ ಗೊತ್ತಿತ್ತು ಎಂಬುದು.

ಈ ಹದೀಸನ್ನು ನಾನು ಮದರಸಾದಲ್ಲಿ ಓದಿದ್ದೆ, ಮಕ್ಕಳಿಗೆ ಪಾಠವನ್ನೂ ಮಾಡಿದ್ದೆ. ಗುರುವಾರ ಬೆಳಿಗ್ಗೆ ನೆನಪಾಗಲಿಲ್ಲ. ನಾನು ಫಾತಿಹಾ ಓದಿದ್ದು ತಪ್ಪಲ್ಲ, ಅದರಲ್ಲಿ ಶಿಫಾ ಇದೆ. ಓದಿದ ಮೇಲೆ ಮಲಗಿಸಿದ್ದು ತಪ್ಪು. ಕಾರಿನಲ್ಲಿ ಕುಳಿತು ಓದಬಹುದಿತ್ತಲ್ಲ? ಆಸ್ಪತ್ರೆಯ ಬೆಂಚಿನ ಮೇಲೆ ಓದಬಹುದಿತ್ತಲ್ಲ? ತವಕ್ಕುಲ್ ಎನ್ನುವ ದೊಡ್ಡ ಪದದ ಹಿಂದೆ ನಾನು ಅಡಗಿಸಿಟ್ಟದ್ದು ನನ್ನ ಸೋಮಾರಿತನ, ರಜೆಯ ಸಂತೋಷ ಕೆಡುತ್ತದೆ ಎಂಬ ಅಳುಕು.

2025ರ ಜೂನ್–ಜುಲೈಯಲ್ಲಿ ಪಕ್ಕದ ಹಾಸನ ಜಿಲ್ಲೆಯ ಸುದ್ದಿ ಬಂದಾಗ ನಾವೆಲ್ಲ ಹೇಗಿದ್ದೆವು? ಯುವಕರು ಕುಸಿದು ಬಿದ್ದರು ಎಂದು ದಿನವೂ ಟಿವಿಯಲ್ಲಿ ಬಂತು. ಆರೋಗ್ಯವಾಗಿದ್ದವರೂ ಇಸಿಜಿ ಮಾಡಿಸಲು ಜಯದೇವದ ಮುಂದೆ ಬೆಳಗಿನಿಂದ ಸಾಲು ನಿಂತರು. ಕೋವಿಡ್ ಲಸಿಕೆಯಿಂದ ಆಯಿತು ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಹರಿದಾಡಿತು. ಸರಕಾರದ ತಜ್ಞರ ಸಮಿತಿ ಪರಿಶೀಲಿಸಿ, ಲಸಿಕೆಗೆ ಸಂಬಂಧವಿಲ್ಲ ಎಂದು ಹೇಳಿತು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಯಾರದೋ ಸುದ್ದಿಗೆ ಹೆದರಿ ಓಡಿದ ನಾವು, ನಮ್ಮ ಅಡುಗೆಮನೆಯಲ್ಲಿ ಬೆವರುತ್ತಿದ್ದವರನ್ನು ಮಲಗಿಸಿದೆವು.

ಇನ್ನೊಂದು ಮಾತು, ಇದನ್ನು ಮನೆಗೆ ಒಯ್ಯಿರಿ. ಹತ್ತು ದಿನದಿಂದ ಮೆಟ್ಟಿಲು ಹತ್ತಿದರೆ ದಣಿವಾಗುತ್ತಿತ್ತು ಎಂದು ಅಕ್ಕ ಈಗ ಹೇಳುತ್ತಾರೆ. ಯಾಕೆ ಹೇಳಲಿಲ್ಲ ಎಂದರೆ, ‘ಮಗ ಬರುವ ಸಮಯ, ಸುಮ್ಮನೆ ಯಾಕೆ’ ಎಂಬ ಉತ್ತರ. ಕುಣಿಗಲ್‌ಗೆ ಬರುವಾಗ ಸಕ್ಕರೆ ಮಾತ್ರೆಯನ್ನೂ ಮರೆತು ಬಂದಿದ್ದರು. ಮಕ್ಕಳ ಬಟ್ಟೆ, ಮಗನಿಗೆ ಇಷ್ಟದ ಉಪ್ಪಿನಕಾಯಿ, ಎಲ್ಲವನ್ನೂ ನೆನಪಿಟ್ಟು ತಂದಿದ್ದರು. ರಜೆ ನಮಗೆ, ಮಕ್ಕಳಿಗೆ. ಹೆಂಗಸರಿಗೆ ಅದು ಹದಿನೆಂಟು ಜನರ ಅಡುಗೆ. ಬೆಳಗಿನ ಚಳಿಯಲ್ಲಿ ರಕ್ತನಾಳಗಳು ಕುಗ್ಗುತ್ತವೆ, ಬಿಪಿ ಏರುತ್ತದೆ ಎನ್ನುತ್ತಾರೆ ಡಾಕ್ಟರು. ಆ ಹೊತ್ತಿಗೇ ಎದ್ದು ತಣ್ಣೀರಲ್ಲಿ ಪಾತ್ರೆ ತೊಳೆಯುವವರು ಯಾರು ಎಂದು ನಿಮ್ಮ ಮನೆಯಲ್ಲೂ ನೋಡಿ. ಹೆಂಗಸರಲ್ಲಿ ಈ ಕಾಯಿಲೆ ಎಷ್ಟೋ ಸಲ ಎದೆ ನೋವಾಗಿ ಬರುವುದಿಲ್ಲ. ಸುಸ್ತು, ವಾಂತಿ, ಬೆನ್ನು, ದವಡೆ, ತಣ್ಣನೆ ಬೆವರು. ಹೀಗಾದರೆ ಮೊದಲು ಇಸಿಜಿ ಮಾಡಿಸಿ. ಗ್ಯಾಸ್ ಆಗಿದ್ದರೆ ನಗುತ್ತಾ ವಾಪಸ್ ಬನ್ನಿ.

ಫಜ್ರ್ ನಂತರ ದಮ್ ಮಾಡಿಸಲು ನನ್ನ ಬಳಿ ಬರುವವರಿಗೆ ಒಂದು ತಿಳುವಳಿಕೆ. ಓದುತ್ತೇನೆ, ಖಂಡಿತ ಓದುತ್ತೇನೆ. ಆದರೆ ಇನ್ನು ಮುಂದೆ ಮೊದಲು ಡಾಕ್ಟರ್ ಏನು ಹೇಳಿದರು ಎಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಮಿಟಿಯವರೊಂದಿಗೆ ಮಾತನಾಡಿದ್ದೇನೆ. ರಾತ್ರಿ ಹೊತ್ತು ಕಾರು ಕೊಡಬಲ್ಲವರ ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ, ಹೆಸರು ಬರೆಸುವವರು ನಮಾಝಿನ ನಂತರ ನಿಲ್ಲಿ.

ನಿನ್ನೆ ಗುಬ್ಬಿಗೆ ಹೋಗಿದ್ದೆ. ಅಕ್ಕ ದಿಂಬಿಗೆ ಒರಗಿ ಕುಳಿತಿದ್ದರು. ರಮಝಾನ್‌ಗೆ ಇನ್ನು ಸುಮಾರು ಏಳು ವಾರ. ‘ರೋಝಾ ಇಡಬಹುದಾ?’ ಎಂದು ಕೇಳಿದರು. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ, ನಿಮ್ಮ ಡಾಕ್ಟರನ್ನು ಕೇಳಿ ಎಂದೆ. ‘ಇಮಾಮ್ ನೀನಲ್ಲವಾ?’ ಎಂದರು. ಇಬ್ಬರೂ ನಕ್ಕೆವು. ಮುಂದಿನ ಗುರುವಾರ ಚೆಕಪ್ ಇದೆ, ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.