ಕಾಣಿಕೆಗಿಂತ ಮೊದಲು ಕೂಲಿ

ಬಸ್ಸಿನಾಗ ಕುಂತು ಕೇಳಾಕತ್ತೀರೋ, ಹೊಲದ ಬದುವಿನ ಮ್ಯಾಲೆ ಕುಂತು ಕೇಳಾಕತ್ತೀರೋ ಗೊತ್ತಿಲ್ಲ. ಇವತ್ತಿನ ಮಾತು ರೊಕ್ಕದ್ದು. ಕ್ರೈಸ್ತ ಬದುಕಿನಲ್ಲಿ ಕೊಡೋದು ಅಂದ್ರೆ ಏನು, ದೇವರು ನಮ್ಮ ಕೈಗೆ ಒಪ್ಪಿಸಿದ್ದನ್ನ ನಿಯತ್ತಿನಿಂದ ನೋಡ್ಕೊಳ್ಳೋದು ಅಂದ್ರೆ ಏನು ಅನ್ನೋದು. ನಾನು ಬಿ.ಕಾಂ. ಓದಿದವ, ಹಂಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ಅದೂ ನಂದೇ ತಪ್ಪು ಲೆಕ್ಕದಿಂದ.

ಬೈಲಹೊಂಗಲ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಎರಿ ಹೊಲ. ಹೋದ ವರ್ಷ ಹತ್ತಿ ಹಾಕಿದ್ವಿ. ಒಂಬತ್ತು ಮಂದಿ ಹೆಣ್ಮಕ್ಕಳು ಮೂರು ದಿನ ಹತ್ತಿ ಬಿಡಿಸಿದ್ರು. ಕಿಲೋಕ್ಕೆ 10 ರೂಪಾಯಿ ಅಂತ ಮಾತಾಗಿತ್ತು. ತೂಕ ಮಾಡಿದ್ರೆ 1,080 ಕಿಲೋ, ಅಂದ್ರೆ ಕೂಲಿ 10,800 ರೂಪಾಯಿ. "ಹತ್ತಿ ಮಾರಿದ ಮ್ಯಾಲೆ ಕೊಡ್ತೀನ್ರಿ" ಅಂದೆ. ಅವರು "ಹೂಂ" ಅಂದ್ರು. ಬ್ಯಾರೆ ಏನಂತಾರ? ಆದ್ರೆ ನಾನು ಹತ್ತಿ ಮಾರಲಿಲ್ಲ. ದರ ಏರಲಿ ಅಂತ ಮನೆಯಾಗ ಒಟ್ಟಿಟ್ಟೆ.

ಹದಿನಾರನೇ ದಿನ, ರವಿವಾರ, ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬ. ಗೊತ್ತಿಲ್ಲದವರಿಗೆ ಹೇಳ್ತೀನಿ: ಅವತ್ತು ಜೋಳದ ತೆನಿ, ಕಡ್ಲಿ ಗಿಡ, ಕುಂಬಳಕಾಯಿ, ಕೋಳಿ, ತತ್ತಿ, ಯಾರ ಮನೆಯಾಗ ಏನೈತೋ ಅದನ್ನ ತಂದು ದೇವರ ಮುಂದೆ ಇಡ್ತಾರೆ. ಆರಾಧನೆ ಮುಗಿದ ಮ್ಯಾಲೆ ಅದರ ಲಿಲಾವು. ಬಂದ ರೊಕ್ಕ ಸಭೆಗೆ. ನಾನು ಒಂದು ಕುಂಬಳಕಾಯಿಗೆ 5,100 ರೂಪಾಯಿ ಕೂಗಿದೆ. ಮಂದಿ ಚಪ್ಪಾಳೆ ಹೊಡೆದ್ರು. ಅಲ್ಲೇ ಫೋನ್ ತಗದು, ಸ್ಕ್ಯಾನ್ ಮಾಡಿ, ಕೊಟ್ಟೇ ಬಿಟ್ಟೆ.

ಹೊರಗ ಬಂದ್ರೆ ಚಪ್ಪಲಿ ಬಿಟ್ಟ ಕಡೆ ಒಬ್ಬ ಕಾಕು ನಿಂತಿದ್ದರು. ಹತ್ತಿ ಬಿಡಿಸಿದವರಲ್ಲಿ ಅವರೂ ಒಬ್ಬರು, ನಮ್ಮ ಸಭೆಯವರೇ. ಬೈಲಿಲ್ಲ, ದನಿ ಏರಿಸಲಿಲ್ಲ. "ತಮ್ಮಾ, ಫೋನಿನಾಗ ರೊಕ್ಕ ಐತಿ ಅಂದ್ರ ನಮ್ದೂ ಕೊಡ್ತಿಯೇನಪಾ? ಗ್ಯಾಸ್ ತೀರಿ ನಾಕ ದಿನ ಆತು" ಅಂದ್ರು. ಅವರಿಗೆ ಬರಬೇಕಿದ್ದದ್ದು 1,200 ರೂಪಾಯಿ. ನನ್ನ ಕುಂಬಳಕಾಯಿಯ ಕಾಲು ಭಾಗಕ್ಕಿಂತ ಕಡಿಮೆ.

ಮನೆಗೆ ಬಂದು ಯಾಜಕಕಾಂಡದ 19ನೇ ಅಧ್ಯಾಯ ತಗದೆ. ಅದರ 9 ಮತ್ತು 10ನೇ ವಚನ ನಮಗೆಲ್ಲಾ ಗೊತ್ತು. ಹೊಲದ ಅಂಚಿನ ತನಕ ಕೊಯ್ಯಬೇಡ, ಹಕ್ಕಲು ಆರಿಸಬೇಡ, ಅದನ್ನ ಬಡವರಿಗೆ, ಪರದೇಶದವರಿಗೆ ಬಿಡು ಅನ್ನೋ ಮಾತು ಅಲ್ಲೈತಿ. ಆ ನಿಯಮ ಇದ್ದದ್ದಕ್ಕೇ ಬೋವಜನ ಹೊಲದಾಗ ರೂತಳು ಹಕ್ಕಲು ಆಯ್ದದ್ದು. ಸುಗ್ಗಿ ಹಬ್ಬದ ಪ್ರಸಂಗದಾಗ ಇದನ್ನ ಎಷ್ಟೋ ಸಲ ಕೇಳೀನಿ. ಆದ್ರೆ ಅಲ್ಲಿಂದ ಮೂರೇ ವಚನ ಮುಂದೆ ಹೋದ್ರೆ, 13ನೇ ವಚನದಾಗ, ಕೂಲಿಯವನ ಕೂಲಿ ರಾತ್ರಿಯೆಲ್ಲಾ ನಿನ್ನ ಹತ್ತಿರ ಇರಬಾರದು ಅಂತೈತಿ. ಒಂದು ರಾತ್ರಿ! ನಾನು ಇಟ್ಕೊಂಡಿದ್ದು ಹದಿನಾರು ರಾತ್ರಿ. ಧರ್ಮ ಮಾಡು ಅನ್ನೋದೂ, ದುಡಿದವರದ್ದು ಕೊಡು ಅನ್ನೋದೂ ಒಂದೇ ಅಧ್ಯಾಯದಾಗ ಅದಾವು. ನಾನು ಒಂದನ್ನ ಓದಿ ಇನ್ನೊಂದನ್ನ ದಾಟಿದ್ದೆ.

ನಮ್ಮ ಕನ್ನಡ ಬೈಬಲ್ಲಿನಾಗ 'ಮನೆವಾರ್ತೆಯವನು' ಅಂತ ಒಂದು ಶಬ್ದ ಐತಿ. ಯಜಮಾನನ ಆಸ್ತಿ ನೋಡ್ಕೊಳ್ಳೋ ಮನುಷ್ಯ. ಇವತ್ತಿನ ಮಾತಿನಾಗ ಹೇಳಬೇಕಂದ್ರೆ ದಲಾಲಿ ಅಂಗಡಿಯ ಗುಮಾಸ್ತ ಇದ್ದಂಗ. ಗಲ್ಲಾಪೆಟ್ಟಿಗೆಯಾಗ ರೊಕ್ಕ ತುಂಬಿರತೈತಿ, ಆದ್ರೆ ಅದು ಅವನದಲ್ಲ. ರೈತರಿಗೆ ಕೊಡಬೇಕಾದ ಪಟ್ಟಿಯ ರೊಕ್ಕ ತಗದು ಅವ ಜಾತ್ರಿಗೆ ದೇಣಿಗೆ ಬರೆಸಿದ್ರೆ ಯಾರಾದ್ರೂ ಅವನಿಗೆ ದಾನಿ ಅಂತಾರೇನು? ನಾನು ಮಾಡಿದ್ದು ಅದೇ. ಕೂಗಿದ್ದು ನಾನು, ರೊಕ್ಕ ಆ ಒಂಬತ್ತು ಮಂದಿದು.

ಈ ವಿಷಯ ನಮ್ಮ ಭಾಗದ ಸಭೆಗಳಿಗೆ ಹೊಸದಲ್ಲ. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನ್ ಬಂತು, 1904ರಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಹೋಯ್ತು. ಆ ಮೆಥೋಡಿಸ್ಟ್ ಪಂಗಡದ ಮೂಲ ಪುರುಷ ಜಾನ್ ವೆಸ್ಲಿ, 18ನೇ ಶತಮಾನದ ಇಂಗ್ಲೆಂಡಿನವರು. ರೊಕ್ಕದ ಬಗ್ಗೆನೇ ಒಂದು ಪ್ರಸಂಗ ಮಾಡಿದ್ದರು. ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು ಅನ್ನೋದು ಅದರ ಸಾರ. ಆದ್ರೆ ಗಳಿಸೋದಕ್ಕೆ ಅವರು ಒಂದು ಬೇಲಿ ಹಾಕಿದ್ರು: ನೆರೆಯವರಿಗೆ ಹಾನಿ ಆಗದಂಗ ಗಳಿಸಬೇಕು. ನಮಗ ಚಪ್ಪಾಳೆ ಬೀಳೋದು ಮೂರನೇ ಮಾತಿಗೆ. ಮೊದಲನೇದೇ ಕೆಟ್ಟಿದ್ರೆ ಮೂರನೇದು ಎಲ್ಲಿಂದ ಬರಬೇಕು?

ಜಕ್ಕಾಯನ ಕಥಿ ನೆನಪಿಸ್ಕೊಳ್ರಿ. ಅರ್ಧ ಆಸ್ತಿ ಬಡವರಿಗೆ ಅಂದ. ಅಷ್ಟಕ್ಕೇ ಬಿಡಲಿಲ್ಲ, ಮೋಸದಿಂದ ತಗೊಂಡಿದ್ರೆ ನಾಕು ಪಟ್ಟು ತಿರುಗಿ ಕೊಡ್ತೀನಿ ಅಂದ. ದಾನದ ಖಾತಿ ಬ್ಯಾರೆ, ಬಾಕಿಯ ಖಾತಿ ಬ್ಯಾರೆ ಅಂತ ಅವನಿಗೆ ಗೊತ್ತಿತ್ತು. ಸುಂಕದವ ನೋಡ್ರಿ, ಲೆಕ್ಕ ಬರತಿತ್ತು.

ಹಂಗಾದ್ರೆ ಸಾಲ ಇದ್ದವರು, ಬಡವರು ಕೊಡಲೇಬಾರದೇನು ಅಂತ ನೀವು ಕೇಳಬಹುದು. ಹಂಗಲ್ಲ. ಮಕೆದೋನ್ಯದ ಸಭೆಯವರು ಕಡುಬಡತನದಾಗೂ ಕೈಬಿಚ್ಚಿ ಕೊಟ್ಟರು ಅಂತ ಪೌಲ ಕೊರಿಂಥದವರಿಗೆ ಎರಡನೇ ಪತ್ರದ 8ನೇ ಅಧ್ಯಾಯದಾಗ ಬರೀತಾನೆ. ಅವರು ಕೊಟ್ಟದ್ದು ತಮ್ಮ ತುತ್ತಿನಿಂದ, ಮತ್ತೊಬ್ಬರ ತುತ್ತಿನಿಂದ ಅಲ್ಲ. ಅದೇ ಅಧ್ಯಾಯದಾಗ, ಕೂಡಿಸಿದ ರೊಕ್ಕದ ಬಗ್ಗೆ ಯಾರೂ ಬೆರಳು ತೋರಿಸಬಾರದು ಅಂತ ಪೌಲ ತೀತನ ಜೋಡಿ ಬ್ಯಾರೆ ಸಹೋದರರನ್ನೂ ಕಳಿಸ್ತಾನೆ. ಅಂದ್ರೆ ಕೊಡೋರಿಗೂ ಲೆಕ್ಕ ಐತಿ, ಇಸ್ಕೊಳ್ಳೋ ಸಭೆಗೂ ಲೆಕ್ಕ ಐತಿ. ನಿಮ್ಮ ಸಭೆಯಲ್ಲಿ ವರ್ಷದ ಜಮಾ-ಖರ್ಚು ಓದಿ ಹೇಳ್ತಾರಾ? ಹೇಳದಿದ್ರೆ ಮರ್ಯಾದೆಯಿಂದ ಕೇಳ್ರಿ. ಕೇಳೋದು ಅವಿಶ್ವಾಸ ಅಲ್ಲ.

ಅವತ್ತು ಸಂಜಿಗೇ ಅಪ್ಪನ ಹತ್ತಿರ ಕೈಗಡ ತಗೊಂಡು ಒಂಬತ್ತೂ ಮಂದಿಗೆ ಮುಟ್ಟಿಸಿದೆ. ಈಗ ನಂದು ಮೂರು ನಿಯಮ. ಒಂದು, ಬಿಡಿಸಿದ ದಿನ ಸಂಜಿಗೇ ಕೂಲಿ, ಅದೂ ಕೈಯಾಗ. ಯಾಕಂದ್ರೆ ಫೋನಿಗೆ ಹಾಕಿದ್ರೆ ಎಷ್ಟೋ ಸಲ ಅದು ಗಂಡನ ಫೋನು, ಮಗನ ಫೋನು ಆಗಿರತೈತಿ. ಎರಡು, ಕಡೀ ಬಿಡಿಯ ಹತ್ತಿ ನಮ್ಮದಲ್ಲ, ಅದು ಬಿಡಿಸೋರ ಹಕ್ಕಲು. ಮೂರು, ಬಾಕಿ ಎಲ್ಲಾ ತೀರಿದ ಮ್ಯಾಲೆ ಕಾಣಿಕೆ. ಈ ವರ್ಷ ಲಿಲಾವಿನಾಗ ನಾನು 600 ರೂಪಾಯಿಗೆ ನಿಂತೆ. ಯಾರೂ ಚಪ್ಪಾಳೆ ಹೊಡೀಲಿಲ್ಲ.

ಕಿತ್ತೂರ ಕಡೆ ಭತ್ತ ಕೊಯ್ಯೋರು, ಸವದತ್ತಿ ಕಡೆ ಜೋಳ ಕೀಳೋರು, ರಾಮದುರ್ಗದ ಕಡೆ ಕಬ್ಬು ಕಡಿಯೋರು, ಎಲ್ಲಾ ಕಡೆ ಯಾರೋ ಒಬ್ಬರು ಸಂಜಿಗೆ ಕೂಲಿ ಎಣಿಸ್ಕೊಂಡು ಮನಿಗೆ ಹೋಗಬೇಕು ಅಂತ ಕಾಯ್ತಿರ್ತಾರೆ. ಹೊಲ ಇಲ್ಲ ಅಂದ್ರೂ ನಿಮಗೂ ಬಾಕಿ ಇರತೈತಿ: ರೂಮ್‌ಮೇಟಿಗೆ ಬಾಡಿಗಿ, ಮೆಸ್ಸಿನ ಅಕ್ಕಗೆ ತಿಂಗಳ ಬಿಲ್ಲು, ಗೆಳೆಯನ ಕೈಗಡ. ಮುಂದಿನ ರವಿವಾರ ಕಾಣಿಕೆ ಹಾಕೋ ಮುಂಚೆ ಒಮ್ಮೆ ಫೋನ್ ತಗದು ಆ ಹೆಸರು ನೋಡ್ರಿ. ಮೊದಲು ಅವರಿಗೆ ಕಳಿಸ್ರಿ.

ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.