ಹಬ್ಬದೂಟಕ್ಕೆ ಬ್ರೆಡ್ ಪುಡ್ಡಿಂಗು

ಸೋದರಿಯರೇ, ಡಿಸೆಂಬರ್ ಕೊನೆಯ ವಾರದಲ್ಲಿ ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗುವ ರೈಲನ್ನು ನೀವು ಎಂದಾದರೂ ಹತ್ತಿದ್ದೀರಾ? ಬಂಗಾರಪೇಟೆಯಲ್ಲಿ ದೊಡ್ಡ ಹಾದಿಯನ್ನು ಬಿಟ್ಟು ಒಳಕ್ಕೆ ಹೊರಳಿದ ಗಾಡಿ, ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ಲುತ್ತ ನಿಲ್ಲುತ್ತ ಹೋಗುತ್ತದೆ. ಒಂದೊಂದು ಕಡೆಯೂ ಗಂಟುಮೂಟೆ, ಮಕ್ಕಳು ಮರಿಗಳೊಡನೆ ಇಳಿಯುವವರ ಸಂಭ್ರಮವೇ ಸಂಭ್ರಮ. 1956ರಲ್ಲಿ ಸರ್ಕಾರದ ಕೈಗೆ ಬಂದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆಮೇಲೆ ಅಲ್ಲಿಯ ಮನೆಗಳ ಮಕ್ಕಳು ಕೆಲಸವನ್ನರಸಿ ಎಲ್ಲೆಲ್ಲಿಗೋ ಹೋದರು. ಆದರೂ ಕ್ರಿಸ್ಮಸ್ಸಿಗೆ ಮಾತ್ರ ಮನೆಗೆ ಬರಲೇಬೇಕು ಎಂಬ ಹಟ ಅನೇಕರಿಗಿದೆ.

ಹಾಗೆ ಬಂದವರಿಗೆ ಬಡಿಸುವ ತಿನಿಸುಗಳಲ್ಲಿ ಒಂದು ಬ್ರೆಡ್ ಪುಡ್ಡಿಂಗು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಗಳನ್ನು ನಡೆಸತೊಡಗಿದ ಮೇಲೆ ಇಂಗ್ಲಿಷರ ಅಡಿಗೆಯೂ ಅವರ ಹಿಂದೆಯೇ ಬಂತು. ಆಂಗ್ಲೋ ಇಂಡಿಯನ್ ಮನೆಗಳು ಅದನ್ನು ತಮ್ಮದಾಗಿ ಮಾಡಿಕೊಂಡವು. ನಾನು ಬಂಗಾರಪೇಟೆಯವಳು. ಈ ಊರಿನ ಹೆಸರು ಹೇಳಿದರೆ ಈಗ ಎಲ್ಲರೂ ಪಾನಿಪುರಿ ಎನ್ನುತ್ತಾರೆ; ಪುಡ್ಡಿಂಗನ್ನು ಯಾರು ಕೇಳಬೇಕು! ನನಗೆ ಇದನ್ನು ಕಲಿಸಿದವರು ಚಾಂಪಿಯನ್ ರೀಫಿನಲ್ಲಿ ನಮ್ಮ ಸೋದರಮಾವನ ಪಕ್ಕದ ಮನೆಯಲ್ಲಿದ್ದ ಆಂಟಿ. ಅವರ ಮೊದಲನೆಯ ಪಾಠ, ‘ಹೊಸ ಬ್ರೆಡ್ಡನ್ನು ಮುಟ್ಟಬೇಡಮ್ಮಾ’ ಎಂಬುದು. ಹೊಸದು ಹಾಲಿನಲ್ಲಿ ಕರಗಿ ಅಂಬಲಿಯಾಗುತ್ತದೆ; ಒಂದೆರಡು ದಿನ ಹಳೆಯದಾದ ಬ್ರೆಡ್ಡು ಹಾಲನ್ನು ಹೀರಿಯೂ ತನ್ನ ಆಕಾರವನ್ನು ಬಿಡುವುದಿಲ್ಲ. ಮಿಕ್ಕದ್ದನ್ನು ಹಾಳುಮಾಡದೆ ಹಬ್ಬದ ತಿನಿಸಾಗಿ ಮಾಡುವ ಜಾಣತನ ಇದು.

ಎಂಟು ಜನಕ್ಕೆ ಎಂಟು ತುಂಡು ಬ್ರೆಡ್ಡು ಸಾಕು. ಅಂಚು ತೆಗೆಯಬೇಕಾಗಿಲ್ಲ. ಬೆಣ್ಣೆ ಸವರಿ, ನಾಲ್ಕು ಭಾಗ ಮಾಡಿ, ಬೆಣ್ಣೆ ಹಚ್ಚಿದ ಪಾತ್ರೆಯಲ್ಲಿ ಒಂದರ ಮೇಲೊಂದು ಒರಗಿಸಿಡಿ. ನಡುನಡುವೆ ಒಂದು ಹಿಡಿ ಒಣದ್ರಾಕ್ಷಿಯನ್ನು ಉದುರಿಸಿ. ಮೂರು ಮೊಟ್ಟೆಗಳನ್ನು 100 ಗ್ರಾಂ ಸಕ್ಕರೆಯೊಡನೆ ನೊರೆ ಬಾರದಂತೆ ಕಲಸಿ, 600 ಮಿಲಿಲೀಟರ್ ಉಗುರುಬೆಚ್ಚಗಿನ ಹಾಲನ್ನು ಬೆರೆಸಿ, ಚಿಟಿಕೆ ಉಪ್ಪು, ಸ್ವಲ್ಪ ತುರಿದ ಜಾಯಿಕಾಯಿ ಹಾಕಿ. ಹಾಲು ಕುದಿಬಿಸಿಯಿದ್ದರೆ ಮೊಟ್ಟೆ ಒಡೆದು ಗಂಟಾದೀತು, ಜೋಕೆ. ಇದನ್ನು ಬ್ರೆಡ್ಡಿನ ಮೇಲೆ ಸುರಿದು ಅರ್ಧ ಗಂಟೆ ಹಾಗೆಯೇ ಬಿಡಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋದವರ ಪುಡ್ಡಿಂಗಿನ ನಡುವೆ ಒಣ ಬ್ರೆಡ್ಡೇ ಸಿಕ್ಕುತ್ತದೆ.

ಓವನ್ ಇದ್ದರೆ 170 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಇಲ್ಲದಿದ್ದರೆ ಪಾತ್ರೆಗೆ ಮುಚ್ಚಳ ಹಾಕಿ, ಕುಕ್ಕರಿನಲ್ಲಿ ಎರಡು ಬೆರಳು ನೀರಿಟ್ಟು, ವೆಯ್ಟ್ ಹಾಕದೆ ಸಣ್ಣ ಉರಿಯಲ್ಲಿ ಸುಮಾರು ಅಷ್ಟೇ ಹೊತ್ತು ಬೇಯಿಸಿ. ನಡುವೆ ನೀರು ಬತ್ತದಂತೆ ನೋಡಿಕೊಳ್ಳಿ. ಉರಿ ಜೋರಾದರೆ ಪುಡ್ಡಿಂಗಿನಲ್ಲಿ ತೂತುಗಳಾಗಿ ನೀರು ಒಸರುತ್ತದೆ. ನಡುವೆ ಚಾಕು ಚುಚ್ಚಿದಾಗ ಹಸಿ ಹಾಲು ಅಂಟದೆ ಬಂದರೆ ಆಯಿತು.

ಇನ್ನು ರಮ್ಮಿನ ಮಾತು. ಆಂಟಿಯವರ ಪದ್ಧತಿಯಂತೆ ದ್ರಾಕ್ಷಿಯನ್ನು ಹಿಂದಿನ ರಾತ್ರಿಯೇ ಮೂರು ದೊಡ್ಡ ಚಮಚ ರಮ್ಮಿನಲ್ಲಿ ನೆನೆಹಾಕಬೇಕು, ಬ್ರಾಂದಿಯೂ ಆದೀತು. ಪರಿಮಳವೇನೋ ಅದ್ಭುತ. ನಾನು ಮೊದಲ ಸಲ ಸ್ವತಃ ಮಾಡಿದಾಗ ಹಾಗೆಯೇ ಮಾಡಿ, ಎಲ್ಲರಿಗೂ ಹೆಮ್ಮೆಯಿಂದ ಬಡಿಸಿದೆ. ನಮ್ಮ ಮಾವ ಗಣಿಯ ಒಳಗೆ ದುಡಿದವರು. ಒಂದು ಕಾಲಕ್ಕೆ ಕುಡಿತಕ್ಕೆ ಬಿದ್ದು, ಅತ್ತೆಯನ್ನು ಬಹಳ ನೋಯಿಸಿ, ಕೊನೆಗೆ ಆಣೆಯಿಟ್ಟು ಬಿಟ್ಟವರು. ಒಂದು ಚಮಚ ಬಾಯಿಗಿಟ್ಟವರೇ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ‘ನನಗೆ ಸಾಕವ್ವಾ’ ಎಂದು ಎದ್ದು ಹೊರಗೆ ಹೋದರು. ಬೈಯಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ‘ಬೆಂದಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ ಅತ್ತೆ’ ಎಂದೆ. ನಾನು ಅದನ್ನು ನಿಜವೆಂದೇ ನಂಬಿದ್ದೆ.

ಅದು ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯವರ ಕೋಷ್ಟಕದ ಪ್ರಕಾರ, ಅಡಿಗೆಯಲ್ಲಿ ಬೆರೆಸಿದ ಮದ್ಯಸಾರದಲ್ಲಿ ಒಂದು ಗಂಟೆ ಬೆಂದ ಮೇಲೂ ನೂರಕ್ಕೆ 25 ಪಾಲು ಉಳಿಯುತ್ತದೆ. ಎರಡೂವರೆ ಗಂಟೆ ಬೆಂದರೂ 5 ಪಾಲು. ಮೇಲೆ ರಮ್ಮು ಸುರಿದು ಬೆಂಕಿ ಹೊತ್ತಿಸುವ ಚಮತ್ಕಾರವಿದೆಯಲ್ಲ, ಅದರಲ್ಲಂತೂ ಮುಕ್ಕಾಲು ಪಾಲು ಹಾಗೆಯೇ ಇರುತ್ತದೆ. ಒಬ್ಬೊಬ್ಬರ ಪಾಲಿಗೆ ಬರುವುದು ಅತ್ಯಲ್ಪವೇ ಸರಿ. ಆದರೆ ಬಿಟ್ಟವರಿಗೆ ಅಳತೆಗಿಂತ ಆ ವಾಸನೆ ದೊಡ್ಡದು. ಮಕ್ಕಳು, ಬಸುರಿಯರು, ಮತಧರ್ಮದ ಕಾರಣದಿಂದ ಮುಟ್ಟದವರು, ಗುಳಿಗೆ ನುಂಗುವವರು, ಇವರೆಲ್ಲ ನಿಮ್ಮ ಪಂಕ್ತಿಯಲ್ಲಿ ಇರಬಹುದು. ಯಾರು ಏನನ್ನು ಬಿಟ್ಟಿದ್ದಾರೆ ಎಂಬುದು ಹಣೆಯ ಮೇಲೆ ಬರೆದಿರುವುದಿಲ್ಲ.

ಆದುದರಿಂದ ನಾನು ಈಗ ದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಹಾಕುತ್ತೇನೆ. ಹಾಲಿಲ್ಲದ ಗಟ್ಟಿ ಚಹಾ ಡಿಕಾಕ್ಷನ್ನೂ ನಡೆಯುತ್ತದೆ. ದ್ರಾಕ್ಷಿಯನ್ನು ಬಸಿದು ಹಾಕಿ. ಹುಳಿ ರಸ ಹಾಲಿಗೆ ಸೇರಬಾರದು. ರಮ್ಮು ಏನಿದ್ದರೂ ಮೇಲೆ ಹಾಕುವ ಸಾಸಿಗೆ. 50 ಗ್ರಾಂ ಬೆಣ್ಣೆ, 100 ಗ್ರಾಂ ಕಂದು ಸಕ್ಕರೆ, ಅರ್ಧ ಲೋಟ ಕೆನೆ, ಇವನ್ನು ಮೂರು ನಿಮಿಷ ಕುದಿಸಿ ಎರಡು ಜಗ್ಗುಗಳಿಗೆ ಹಂಚಿ. ಒಂದಕ್ಕೆ ಶುಂಠಿಪುಡಿ, ಗಂಟಲಿಗೆ ಅದೇ ಬಿಸಿ ಸಿಕ್ಕುತ್ತದೆ. ಇನ್ನೊಂದಕ್ಕೆ ಎರಡು ದೊಡ್ಡ ಚಮಚ ರಮ್ಮು. ಇದನ್ನು ಒಲೆಯಿಂದ ದೂರ ತಂದ ಮೇಲೆಯೇ ಬೆರೆಸಬೇಕು. ಉರಿಯ ಬಳಿ ಸೀಸೆಯಿಂದ ನೇರವಾಗಿ ಸುರಿಯುವುದು ಅಪಾಯ. ರಮ್ಮಿನ ಜಗ್ಗಿನ ಹಿಡಿಗೆ ಒಂದು ಕೆಂಪು ದಾರ ಕಟ್ಟಿ, ಬಡಿಸುವ ಮುಂಚೆ ಅದೇನೆಂದು ಎಲ್ಲರಿಗೂ ಕೇಳುವಂತೆ ಹೇಳಿಬಿಡಿ. ಮೊಟ್ಟೆ ತಿನ್ನದ ನೆರೆಯವರಿಗೂ ಮುಂಚೆಯೇ ತಿಳಿಸಿ, ಅವರಿಗೆಂದು ಹಣ್ಣುಹಂಪಲು ತೆಗೆದಿಡಿ.

ಮುಂದಿನ ವರ್ಷ ಮಾವ ಬಂದಾಗ ನಾನೇ ಎದುರಿಗೆ ಹೋಗಿ, ‘ಇದರಲ್ಲಿ ಇಲ್ಲ ಮಾವ, ಅದರಲ್ಲಿ ಇದೆ’ ಎಂದು ಎರಡು ಜಗ್ಗನ್ನೂ ತೋರಿಸಿದೆ. ಅವರು ಶುಂಠಿಯದನ್ನು ಎರಡು ಸಲ ಹಾಕಿಸಿಕೊಂಡರು.

ಪುಡ್ಡಿಂಗು ಮಿಕ್ಕರೆ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಬೆಳಿಗ್ಗೆ ಬಿಲ್ಲೆಗಳಾಗಿ ಕೊಯ್ದು, ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಬೇಯಿಸಿದರೆ ಕಾಫಿಗೆ ಬಲು ಚೆನ್ನು. ರೈಲಿಗೆ ಹೊರಟವರ ಬುತ್ತಿಗೂ ನಾಲ್ಕು ಬಿಲ್ಲೆ ಕಟ್ಟಿಕೊಡಬಹುದು.